ಶ್ರವಣದ ಋಣ

ನುಡಿ ಮತ್ತು ನಡೆಗಳ ಸಾಮರಸ್ಯವು ಶರಣಧರ್ಮದ ಜೀವಾಳವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನಡೆಯಿಲ್ಲದ ನುಡಿ ನಿಷ್ಪ್ರಯೋಜಕವೆಂದು ಹನ್ನೆರಡನೆಯ ಶತಮಾನದ ಶರಣರು ಒಂದೇ ಕಂಠದಿಂದ ಸಾರಿದ್ದಾರೆ. ಆದರೆ ಈ ತತ್ತ್ವವನ್ನು ವಿವೇಚಿಸುವಾಗ ನಾವು ರೂಢಿಯಿಂದ ನುಡಿಯುವವನನ್ನು ಮಾತ್ರವೇ ಪರೀಕ್ಷೆಗೆ ಗುರಿಪಡಿಸುತ್ತೇವೆ. ಉಪನ್ಯಾಸಕನು ತಾನು ಹೇಳಿದಂತೆ ಬಾಳುತ್ತಿರುವನೆ? ಕವಿಯ ಬದುಕು ಅವನ ಕಾವ್ಯಕ್ಕೆ ಒಪ್ಪುವಂತಿದೆಯೆ? ಗಾಯಕನು ತಾನು ಹಾಡುವುದನ್ನು ನಂಬಿರುವನೆ? ಈ ಪ್ರಶ್ನೆಗಳು ನ್ಯಾಯವಾದುವೇ ಸರಿ. ಆದರೆ ಸಭೆಯಲ್ಲಿ ನುಡಿಯುವವನು ಒಬ್ಬನಾದರೆ ಕೇಳುವವರು ನೂರಾರು ಮಂದಿ. ಆ ನೂರಾರು ಮಂದಿಗೆ ನುಡಿಯ ವಿಷಯದಲ್ಲಿ ಯಾವ ಹೊಣೆಯೂ ಇಲ್ಲವೆ? ಸತ್ಯವಾದ ಮಾತೊಂದನ್ನು ಕೇಳಿ, ತಲೆದೂಗಿ, ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ಉಂಡು ಮಲಗಿದವನು ಆ ಮಾತಿಗೆ ಏನನ್ನೂ ಸಲ್ಲಿಸಬೇಕಾಗಿಲ್ಲವೆ? ಇದೇ ಪ್ರಸ್ತುತ ಲೇಖನದ ವಿಚಾರಣೀಯ ವಿಷಯ.

ಈ ಪ್ರಶ್ನೆಗೆ ನಮ್ಮ ಷಟ್‌ಸ್ಥಲಶಾಸ್ತ್ರದಲ್ಲಿಯೇ ಆಧಾರವುಂಟು. ಲಿಂಗವೊಂದೇ ಆರು ಬಗೆಯಾಗಿ ಭಕ್ತನ ಅಂಗದಲ್ಲಿ ನೆಲೆಗೊಳ್ಳುವುದೆಂದು ಶಾಸ್ತ್ರವು ಹೇಳುತ್ತದೆ. ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಕಿವಿಗೆ ಪ್ರಸಾದಲಿಂಗವನ್ನು ಹೇಳಿರುವುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಕಿವಿಗೆ ಬಂದ ಶಬ್ದವು ಪದಾರ್ಥ. ಆ ಪದಾರ್ಥವು ಲಿಂಗಕ್ಕೆ ಅರ್ಪಿತವಾದರೆ ಪ್ರಸಾದವಾಗುತ್ತದೆ. ಅರ್ಪಿತವಾಗದೆ ಭೋಗಿಸಲ್ಪಟ್ಟರೆ ಕೇವಲ ವಿಷಯಸುಖವಾಗಿ ಕಳೆದುಹೋಗುತ್ತದೆ. ಪ್ರಸಾದವನ್ನು ಕೈಕೊಂಡವನು ಅದನ್ನು ಚೆಲ್ಲುವಂತಿಲ್ಲ, ಎಂಜಲೆಂದು ಬಿಟ್ಟೇಳುವಂತಿಲ್ಲ. ಎಲೆಯ ಮೇಲಿನ ಅನ್ನಕ್ಕೆ ಈ ನಿಯಮವನ್ನು ನಾವು ಶ್ರದ್ಧೆಯಿಂದ ಪಾಲಿಸುತ್ತೇವೆ. ಕಿವಿಗೆ ಬಂದ ಸತ್ಯವಚನಕ್ಕೂ ಇದೇ ನಿಯಮವು ಅನ್ವಯಿಸುವುದೆಂದು ಭಾವಿಸುವವರು ವಿರಳ.

ಇದನ್ನು ಪರೀಕ್ಷಿಸಲು ಒಂದು ದೃಷ್ಟಾಂತ ಬೇಕು. ನಮ್ಮ ಮನೆಯ ವಸ್ತುವನ್ನು ನಾವೇ ಒರೆಗೆ ಹಚ್ಚುವಾಗ ಅಭಿಮಾನವು ಅಡ್ಡಬರುವುದು ಸಹಜ. ಆದುದರಿಂದ ದೂರದ ನಾಡಿನ, ಬೇರೆ ಮತದ, ನಮ್ಮ ವಾಚಕರಲ್ಲಿ ಅನೇಕರಿಗೆ ಅಪರಿಚಿತವಾದ ಒಂದು ವಸ್ತುವನ್ನು ಮೊದಲು ತೆಗೆದುಕೊಂಡು, ಅಲ್ಲಿ ಕಂಡುದನ್ನು ಆಮೇಲೆ ನಮ್ಮಲ್ಲಿಗೆ ತರುವುದು ಒಳಿತು. ಆ ವಸ್ತು ಅಮೆರಿಕಾ ದೇಶದ ಕಪ್ಪುಜನಾಂಗದ ತರುಣರ ಒಂದು ಗಾಯನಗೋಷ್ಠಿಯ ಧ್ವನಿಮುದ್ರಿಕೆ. ನಮ್ಮ ಪಾಠಶಾಲೆಯಲ್ಲಿ ಹಿಂದೆ ಓದಿದ ವಿದ್ಯಾರ್ಥಿಯೊಬ್ಬನು ಅದನ್ನು ಕಳುಹಿಸಿ, “ಗುರುಗಳೇ, ಇದೂ ಒಂದು ಬಗೆಯ ವಚನವೇ ಅಲ್ಲವೆ?” ಎಂದು ಕೇಳಿದ್ದನು. ಅವನ ಪ್ರಶ್ನೆ ತಳ್ಳಿಹಾಕುವಂಥದಲ್ಲ.

ಹಿಪ್‌ಹಾಪ್ ಎಂದು ಕರೆಯಲ್ಪಡುವ ಈ ಗಾಯನಪದ್ಧತಿಯ ಹುಟ್ಟನ್ನು 1973ನೆಯ ಇಸವಿ ಆಗಸ್ಟ್ 11ರಿಂದ ಎಣಿಸುವುದು ವಾಡಿಕೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಸೆಜ್‌ವಿಕ್ ಅವೆನ್ಯೂ 1520 ಎಂಬ ವಸತಿಕಟ್ಟಡದಲ್ಲಿ, ಜಮೈಕಾ ದ್ವೀಪದಿಂದ ವಲಸೆ ಬಂದ ಕುಟುಂಬದ ಕ್ಲೈವ್ ಕ್ಯಾಂಬೆಲ್ ಎಂಬ ಹದಿನೆಂಟು ವರ್ಷದ ತರುಣನು, ಶಾಲೆಯ ಬಟ್ಟೆಬರೆಗೆ ಹಣ ಹೊಂದಿಸಲೆಂದು ತಂಗಿ ಏರ್ಪಡಿಸಿದ ಕೂಟವೊಂದರಲ್ಲಿ ಗ್ರಾಮಫೋನ್ ಪ್ಲೇಟುಗಳನ್ನು ನುಡಿಸಿದನು. ಕೂಲ್ ಹರ್ಕ್ ಎಂಬುದು ಅವನ ಪ್ರಸಿದ್ಧ ನಾಮ. ಒಂದೇ ಹಾಡಿನ ಎರಡು ಪ್ಲೇಟುಗಳನ್ನಿಟ್ಟುಕೊಂಡು ಅದರ ತಾಳಭಾಗವನ್ನು ಮತ್ತೆ ಮತ್ತೆ ಮುಂದುವರಿಸುವ ಕ್ರಮವು ಅವನಿಂದ ಹಬ್ಬಿತು. ಆ ತಾಳದ ಮೇಲೆ ಪ್ರಾಸಬದ್ಧವಾಗಿ ಮಾತನಾಡುವುದೇ ರ‍್ಯಾಪ್. ಅದು ಪೂರ್ಣವಾದ ಹಾಡೂ ಅಲ್ಲ, ಬರಿಯ ಮಾತೂ ಅಲ್ಲ. ದುಬಾರಿ ವಾದ್ಯಗಳನ್ನೂ ಸಂಗೀತಶಿಕ್ಷಣವನ್ನೂ ಪಡೆಯಲಾರದ ಬಡಕೇರಿಯ ಮಕ್ಕಳು ಕೈಗೆ ಸಿಕ್ಕ ಯಂತ್ರವನ್ನೇ ವಾದ್ಯವನ್ನಾಗಿ ಮಾಡಿಕೊಂಡರು. ಆರಂಭದಲ್ಲಿ ಅದು ಕುಣಿತದ ಕೂಟಗಳ ವಿನೋದ. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಸಂಗಡಿಗರ ‘ದಿ ಮೆಸೇಜ್’ ಎಂಬ ಹಾಡು ಕೇರಿಯ ದಾರಿದ್ರ್ಯವನ್ನೂ ಹತಾಶೆಯನ್ನೂ ಮರೆಮಾಚದೆ ನುಡಿದ ಮೇಲೆ, ಲೋಕದ ಅನ್ಯಾಯವನ್ನು ಎತ್ತಿ ಹೇಳುವ ಒಂದು ಶಾಖೆಯು ಈ ಪದ್ಧತಿಯಲ್ಲಿ ಸ್ಥಿರವಾಯಿತು.

ಆ ಶಾಖೆಗೆ ಸೇರಿದುದು ‘ಅರೆಸ್ಟೆಡ್ ಡೆವಲಪ್‌ಮೆಂಟ್’ ಎಂಬ ತಂಡ. ತಡೆಹಿಡಿಯಲ್ಪಟ್ಟ ಬೆಳವಣಿಗೆ ಎಂಬುದು ಆ ಹೆಸರಿನ ಅರ್ಥ. ಜಾರ್ಜಿಯಾ ಸಂಸ್ಥಾನದ ಅಟ್ಲಾಂಟಾ ನಗರದಲ್ಲಿ 1988ರಲ್ಲಿ ಟಾಡ್ ಥಾಮಸ್ ಮತ್ತು ಟಿಮೊಥಿ ಬಾರ್ನ್‌ವೆಲ್ ಎಂಬ ತರುಣರು ಇದನ್ನು ಕಟ್ಟಿದರು. ಥಾಮಸನು ವೇದಿಕೆಯ ಮೇಲೆ ‘ಸ್ಪೀಚ್’ ಎಂಬ ಹೆಸರಿಟ್ಟುಕೊಂಡನು. ಸ್ಪೀಚ್ ಎಂದರೆ ನುಡಿ. ಧ್ವನಿಮುದ್ರಣದ ಒಪ್ಪಂದ ದೊರಕಲು ಮೂರು ವರ್ಷ ಐದು ತಿಂಗಳು ಎರಡು ದಿನ ಕಾಯಬೇಕಾಯಿತೆಂದು ಆ ಅವಧಿಯನ್ನೇ 1992ರ ತಮ್ಮ ಮೊದಲ ಮುದ್ರಿಕೆಗೆ ಹೆಸರಾಗಿ ಇಟ್ಟರು. 1993ರ ಗ್ರ್ಯಾಮಿ ಸಮಾರಂಭದಲ್ಲಿ ಆ ವರ್ಷದ ಶ್ರೇಷ್ಠ ನವಾಗತ ಕಲಾವಿದರೆಂಬ ಪ್ರಶಸ್ತಿ ಇವರಿಗೆ ಸಂದಿತು. ಹಿಪ್‌ಹಾಪ್ ತಂಡವೊಂದಕ್ಕೆ ಆ ಗೌರವ ದೊರೆತುದು ಅದೇ ಪ್ರಥಮ. ಈ ತಂಡದ ಒಂದು ವೈಶಿಷ್ಟ್ಯವು ನಮ್ಮಂಥವರ ಗಮನ ಸೆಳೆಯತಕ್ಕದ್ದು. ತರುಣರ ನಡುವೆ ಬಾಬಾ ಓಜೆ ಎಂಬ ಹಿರಿಯರೊಬ್ಬರು ತಂಡದ ಸದಸ್ಯರಾಗಿಯೇ ಇದ್ದರು. 1932ರಲ್ಲಿ ಜನಿಸಿದ ಅವರಿಗೆ ಆಗ ಅರವತ್ತು ವರ್ಷ. ತಂಡದ ಆಧ್ಯಾತ್ಮಿಕ ಮಾರ್ಗದರ್ಶಕರಾಗಿ ತರುಣರೊಂದಿಗೆ ವೇದಿಕೆಯ ಮೇಲಿರುವುದೇ ಅವರ ಕಾಯಕ. 2018ರಲ್ಲಿ ಅವರು ತೀರಿಕೊಂಡರು. ತರುಣರ ವಿನೋದವೆಂದು ಜನ ಬಗೆದ ಕಲೆಯಲ್ಲಿ ಹಿರಿಯರಿಗೊಂದು ಪೀಠವನ್ನು ಹಾಕಿದ ಈ ಹುಡುಗರ ವಿವೇಕವು ಸಾಮಾನ್ಯವಾದುದಲ್ಲ.

ನಮ್ಮ ವಿಚಾರಕ್ಕೆ ಸಂಬಂಧಪಟ್ಟ ಮುದ್ರಿಕೆಯ ಹೆಸರು ‘ಅನ್‌ಪ್ಲಗ್ಡ್’. ಎಂಟಿವಿ ಎಂಬ ದೂರದರ್ಶನವಾಹಿನಿಯು 1989ರಿಂದ ನಡೆಸಿದ ಒಂದು ಗೋಷ್ಠಿಮಾಲೆಯಲ್ಲಿ, ವಿದ್ಯುತ್ ವಾದ್ಯಗಳ ಅಬ್ಬರವನ್ನು ತಗ್ಗಿಸಿ ಸಭಿಕರ ಎದುರಿನಲ್ಲಿಯೇ ಹಾಡುವ ನಿಯಮವಿತ್ತು. 1992ರ ಡಿಸೆಂಬರಿನಲ್ಲಿ ಈ ತಂಡವು ಅಲ್ಲಿ ಹಾಡಿತು. 1993ರಲ್ಲಿ ಅದು ಮುದ್ರಿಕೆಯಾಗಿ ಹೊರಬಂದಿತು. ಮುಚ್ಚಿದ ಕೋಣೆಯಲ್ಲಿ ಸಿದ್ಧಪಡಿಸಿದ ಮುದ್ರಿಕೆಗೂ ಸಭೆಯ ಮುದ್ರಿಕೆಗೂ ಒಂದು ಮುಖ್ಯ ಭೇದವುಂಟು. ಮೊದಲನೆಯದರಲ್ಲಿ ಗಾಯಕನ ಧ್ವನಿ ಮಾತ್ರ ಇರುತ್ತದೆ. ಎರಡನೆಯದರಲ್ಲಿ ಕೇಳಿದವರ ಧ್ವನಿಯೂ ಇರುತ್ತದೆ. ಹಾಡು ಮುಗಿದೊಡನೆ ಏಳುವ ಚಪ್ಪಾಳೆ, ನಡುವೆ ಕೇಳಿಬರುವ ಹರ್ಷೋದ್ಗಾರ, ಇವೆಲ್ಲ ಆ ಮುದ್ರಿಕೆಯ ಅಂಗಗಳು. ಆದಕಾರಣ ಅದು ಗಾಯನದ ದಾಖಲೆಯಾಗಿರುವಂತೆಯೇ ಶ್ರವಣದ ದಾಖಲೆಯೂ ಆಗಿದೆ.

ಹಾಡುಗಳಲ್ಲಿ ಏನಿದೆಯೆಂಬುದನ್ನು ಸಂಕ್ಷೇಪವಾಗಿ ತಿಳಿಸುತ್ತೇನೆ. ‘ಮಿಸ್ಟರ್ ವೆಂಡಲ್’ ಎಂಬುದು ಬೀದಿಯಲ್ಲಿ ವಾಸಿಸುವ ಮನೆಯಿಲ್ಲದವನೊಬ್ಬನನ್ನು ಕುರಿತದ್ದು. ಹಾಡುವವನು ಅವನಿಗೆ ಚಿಲ್ಲರೆ ಹಣ ಕೊಡುತ್ತಾನೆ. ಆದರೆ ಕೊಟ್ಟವನ ಗರ್ವ ಅಲ್ಲಿಲ್ಲ. ಸಮಾಜವು ಲೆಕ್ಕಕ್ಕೆ ಹಿಡಿಯದ ಈ ಮನುಷ್ಯನಲ್ಲಿ ನಾವು ಕಳೆದುಕೊಂಡ ಸ್ವಾತಂತ್ರ್ಯವೂ ತಿಳಿವಳಿಕೆಯೂ ಉಂಟು, ನಾನು ಅವನಿಂದ ಕಲಿಯುತ್ತಿದ್ದೇನೆ ಎಂಬುದು ಹಾಡಿನ ತಾತ್ಪರ್ಯ. ಇಲ್ಲಿ ಸಂಬೋಧನೆಯೇ ಮುಖ್ಯ. ಬೀದಿಯ ಜನ ಹೀನನಾಮಗಳಿಂದ ಕೂಗುವವನನ್ನು ಹಾಡು ‘ಮಿಸ್ಟರ್’ ಎಂದು ಗೌರವದಿಂದ ಕರೆಯುತ್ತದೆ. ಇದಿರಿನವನನ್ನು ‘ಅಯ್ಯಾ’ ಎಂದು ಕರೆಯುವುದರಲ್ಲಿ ಪುಣ್ಯವನ್ನೂ ಹಗುರವಾಗಿ ಕರೆಯುವುದರಲ್ಲಿ ಪತನವನ್ನೂ ಕಂಡ ಬಸವಣ್ಣನವರ ಅನುಯಾಯಿಗಳಿಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ತಂಡದವರು ಇಷ್ಟಕ್ಕೇ ನಿಲ್ಲಲಿಲ್ಲ. ಆ ಹಾಡಿನಿಂದ ಬಂದ ಗೌರವಧನದ ಅರ್ಧಭಾಗವನ್ನು ಮನೆಯಿಲ್ಲದವರ ಪರವಾಗಿ ದುಡಿಯುವ ರಾಷ್ಟ್ರೀಯ ಒಕ್ಕೂಟವೊಂದಕ್ಕೆ ಸಲ್ಲಿಸಿದರು. ನುಡಿಯುವವನ ಪಾಲಿನ ನಡೆ ಅಲ್ಲಿ ಅಷ್ಟರಮಟ್ಟಿಗೆ ಸಂದಾಯವಾಗಿದೆ.

‘ಫಿಶಿಂಗ್ ಫಾರ್ ರಿಲಿಜನ್’ ಎಂಬ ಇನ್ನೊಂದು ಹಾಡು ಮಠಮಾನ್ಯಗಳ ಸಮೀಪದಲ್ಲಿರುವ ನಮ್ಮಂಥವರಿಗೆ ಕಟುವಾದದ್ದು. ಇಗರ್ಜಿಯಲ್ಲಿ ಕುಳಿತ ತರುಣನೊಬ್ಬನು ತನಗೆ ಬೇರೆ ಧರ್ಮ ಬೇಕೆಂದು ಹುಡುಕುತ್ತಾನೆ. ಏಕೆಂದರೆ ತಾನು ಹುಟ್ಟಿದ ಧರ್ಮವು ಕಷ್ಟದಲ್ಲಿರುವವರಿಗೆ ಸಹಿಸಿಕೊಳ್ಳಿರೆಂದು ಹೇಳುತ್ತದೆಯೇ ಹೊರತು ಕಷ್ಟದ ಕಾರಣವನ್ನು ಕಳೆಯಲು ಏಳಿರೆಂದು ಹೇಳುವುದಿಲ್ಲ. ಅಳುವವರ ಕಣ್ಣೀರಿಗೆ ಸಾಂತ್ವನವನ್ನು ಮಾತ್ರ ಹಂಚುವ ಧರ್ಮವು ಅವರನ್ನು ಅಳುವ ಸ್ಥಿತಿಯಲ್ಲಿಯೇ ಇಡುತ್ತದೆಂಬುದು ಅವನ ಆಕ್ಷೇಪ. ಇದು ನಾಸ್ತಿಕನ ಮಾತಲ್ಲ. ಧರ್ಮವನ್ನು ಹುಡುಕುವವನ ಮಾತು. ಪುರೋಹಿತರ ಮಾತಿಗೆ ತಲೆಬಾಗಿ ಕುಳಿತ ಜನರಿಗೆ ಕಾಯಕವನ್ನೂ ದಾಸೋಹವನ್ನೂ ತೋರಿಸಿಕೊಟ್ಟ ಶರಣರ ಬಾಯಲ್ಲಿಯೂ ಇಂಥ ಮಾತೇ ಬಂದಿತ್ತೆಂಬುದನ್ನು ನಾವು ಮರೆಯಬಾರದು.

ಇಷ್ಟಾಗಿಯೂ ಇದನ್ನು ವಚನವೆಂದು ಕರೆಯಬಹುದೆ? ಸಾಮ್ಯವುಂಟು. ವಚನವೂ ಹಾಡು ಮತ್ತು ಮಾತುಗಳ ನಡುವಣ ರೂಪ. ಅದೂ ಪಂಡಿತರ ಛಂದಸ್ಸನ್ನು ಬಿಟ್ಟು ದುಡಿಯುವವರ ಬಾಯಿಂದ ಬಂದದ್ದು. ಅದರ ಹೆಸರಿಗೂ ನುಡಿಯೆಂದೇ ಅರ್ಥ. ಭೇದವೂ ಉಂಟು. ರ‍್ಯಾಪ್ ಗಾಯಕರಲ್ಲಿ ಹಾಡಿನ ನಡುವೆ ತಮ್ಮ ಹೆಸರನ್ನೇ ಸಾರಿಕೊಳ್ಳುವ ವಾಡಿಕೆಯಿದೆ. ವಚನಕಾರನು ತನ್ನ ಹೆಸರನ್ನಿಡದೆ ತನ್ನ ಇಷ್ಟದೈವದ ಅಂಕಿತವನ್ನಿಡುತ್ತಾನೆ. ಅಂಕಿತವೆಂದರೆ ಅರ್ಪಣೆಯ ಮುದ್ರೆ. ವಚನಕಾರನು ನುಡಿಯನ್ನು ಅರ್ಪಿಸಿಯೇ ನಮ್ಮ ಕೈಗೆ ಕೊಡುತ್ತಾನೆ. ಅವರ ಹಾಡು ಅರ್ಪಿತವಾಗುವ ಕೆಲಸವನ್ನು ಕೇಳುವವನಿಗೇ ಬಿಡುತ್ತದೆ. ಹೀಗಿರಲು, ಕೇಳುವವನ ಹೊಣೆ ಎಷ್ಟೆಂಬುದು ಆ ಹಾಡಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಇಲ್ಲಿ ಪೂರ್ವಪಕ್ಷಿಗಳು ಹೀಗೆ ಆಕ್ಷೇಪಿಸಬಹುದು: “ಅನ್ಯಾಯದ ಕಥೆಯನ್ನು ತಾಳಮೇಳಗಳೊಂದಿಗೆ ಹೇಳುವುದೇ ತಪ್ಪು. ದುಃಖವನ್ನು ಇಂಪಾಗಿ ಮಾಡಿ ಮಾರಿದರೆ ಕೇಳುವವನಿಗೆ ದುಃಖ ತಟ್ಟದು, ಇಂಪು ಮಾತ್ರ ತಟ್ಟುವುದು. ಹೊಣೆಯನ್ನು ಕೇಳುವವನ ಮೇಲೆ ಹೊರಿಸುವುದು ಅನುಚಿತ.” ಈ ಆಕ್ಷೇಪವು ಬಲವಾದುದು. ಅದರ ಬಲವನ್ನು ಈ ಮುದ್ರಿಕೆಯೇ ತೋರಿಸುತ್ತದೆ. ಅದರ ಉತ್ತರಾರ್ಧದಲ್ಲಿ, ಹಿಂದೆ ಹಾಡಿದ ಹಲವು ಹಾಡುಗಳನ್ನೇ ಮಾತಿಲ್ಲದೆ ವಾದ್ಯರೂಪದಲ್ಲಿ ಮತ್ತೊಮ್ಮೆ ಸೇರಿಸಲಾಗಿದೆ. ಅದೇ ತಾಳ, ಅದೇ ಲಯ. ನುಡಿ ಮಾತ್ರ ಇಲ್ಲ. ಅದನ್ನು ಕೇಳುವಾಗಲೂ ಕಾಲು ತಾಳ ಹಾಕುತ್ತದೆ, ಮನಸ್ಸು ಪ್ರಸನ್ನವಾಗುತ್ತದೆ. ಮನೆಯಿಲ್ಲದವನ ಹಾಡಿಗೆ ಮೊದಲು ಮೂಡಿದ ಉಲ್ಲಾಸದಲ್ಲಿ ನುಡಿಯ ಪಾಲೆಷ್ಟು, ತಾಳದ ಪಾಲೆಷ್ಟು ಎಂಬ ಸಂಶಯವು ಆಗ ಹುಟ್ಟದಿರದು.

ಆದರೆ ಈ ಸಂಶಯದಿಂದ ಪೂರ್ವಪಕ್ಷವು ಸಿದ್ಧವಾಗುವುದಿಲ್ಲ. ಹೇಗೆಂದರೆ, ರುಚಿಯಿರುವುದು ಅನ್ನದ ದೋಷವಲ್ಲ. ರುಚಿಯಿಲ್ಲದ ಅನ್ನವನ್ನು ಹಸಿದವನೂ ಕಷ್ಟದಿಂದ ಉಣ್ಣುತ್ತಾನೆ. ನಾದವು ನುಡಿಯನ್ನು ಕಿವಿಯ ಬಾಗಿಲಿನೊಳಕ್ಕೆ ಕರೆದುತರುವ ಸೇವಕ. ವಚನಗಳನ್ನು ಮಲ್ಲಿಕಾರ್ಜುನ ಮನಸೂರರು, ಸಿದ್ಧರಾಮ ಜಂಬಲದಿನ್ನಿಯವರು ರಾಗಬದ್ಧವಾಗಿ ಹಾಡಿದುದರಿಂದ ಅಕ್ಷರವರಿಯದವರ ಮನೆಗೂ ವಚನವು ತಲಪಿತು. 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಅಚ್ಚಿಗೆ ತಂದು ಮಾಡಿದ ಸೇವೆಗೆ ಗಾಯಕರ ಸೇವೆಯು ಪೂರಕವೇ ಹೊರತು ವಿರೋಧಿಯಲ್ಲ. ಸೇವಕನು ಅತಿಥಿಯನ್ನು ಬಾಗಿಲೊಳಗೆ ತಂದು ನಿಲ್ಲಿಸಿದ ಮೇಲೆ, ಅತಿಥಿಯನ್ನು ಮರೆತು ಸೇವಕನ ಉಡುಪನ್ನೇ ಹೊಗಳುತ್ತ ಕುಳಿತರೆ ತಪ್ಪು ಸೇವಕನದಲ್ಲ, ಮನೆಯ ಯಜಮಾನನದು. ಕಿವಿಯೆಂಬ ಮನೆಗೆ ಕೇಳುವವನೇ ಯಜಮಾನ.

ಆದಕಾರಣ ಶ್ರವಣವನ್ನು ಎರಡಾಗಿ ವಿಂಗಡಿಸಬೇಕಾಗುತ್ತದೆ. ಒಂದು ಭೋಗಶ್ರವಣ, ಇನ್ನೊಂದು ಅರ್ಪಿತಶ್ರವಣ. ಭೋಗಶ್ರವಣದಲ್ಲಿ ಶಬ್ದವು ಕಿವಿಗೆ ಬಂದು, ಸುಖವನ್ನಿತ್ತು, ಅಲ್ಲಿಯೇ ಮುಗಿಯುತ್ತದೆ. ಅದರ ಸಮಾಪ್ತಿಯ ಗುರುತೇ ಚಪ್ಪಾಳೆ. ಚಪ್ಪಾಳೆಯು ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಅದು ಸಮ್ಮತಿಯ ಚಿಹ್ನೆ. ಆದರೆ ಅದರಲ್ಲಿ ಒಂದು ಮೋಸವುಂಟು. ಕೈಗಳು ಏನನ್ನೋ ಮಾಡಿದಂತಾಗುವುದರಿಂದ, ಮಾಡಬೇಕಾದುದನ್ನು ಮಾಡಿಬಿಟ್ಟೆವೆಂಬ ತೃಪ್ತಿ ಮನಸ್ಸಿಗೆ ಬರುತ್ತದೆ. ಬಡವನ ಕಥೆಗೆ ಕಣ್ಣೀರಿಟ್ಟವನು ತಾನು ದಯಾಳುವೆಂದು ನಂಬಿ ನಿದ್ರಿಸುತ್ತಾನೆ. ಅರ್ಪಿತಶ್ರವಣದಲ್ಲಿಯಾದರೋ ಚಪ್ಪಾಳೆಯು ಸಾಲಪತ್ರಕ್ಕೆ ಹಾಕಿದ ರುಜುವಿನಂತೆ. ಈ ಮಾತು ನಿಜವೆಂದು ಒಪ್ಪಿದೆನು, ಇನ್ನು ಇದರಂತೆ ನಡೆಯಲು ನಾನು ಬದ್ಧನು ಎಂಬುದು ಅದರ ಅರ್ಥ. ಅಲ್ಲಿಂದ ಶಬ್ದವು ಶ್ರೋತ್ರದ ಪ್ರಸಾದಲಿಂಗವನ್ನು ಮುಟ್ಟಿ, ಹೃದಯದ ಮಹಾಲಿಂಗಕ್ಕಿಳಿದು, ಕೈಯಲ್ಲಿ ಕ್ರಿಯೆಯಾಗಿ ಹೊರಹೊಮ್ಮುತ್ತದೆ. ಶ್ರವಣ, ಮನನ, ನಿದಿಧ್ಯಾಸನಗಳೆಂದು ಪ್ರಾಚೀನರು ಹೇಳಿದ ಕ್ರಮಕ್ಕೆ ಶರಣರು ಸೇರಿಸಿದುದು ಈ ಕಡೆಯ ಮೆಟ್ಟಿಲನ್ನೇ.

ಈಗ ಆ ಮುದ್ರಿಕೆಯ ಚಪ್ಪಾಳೆಗೆ ಮರಳೋಣ. 1992ರಲ್ಲಿ ಅದನ್ನು ತಟ್ಟಿದ ಸಮಾಜದ ಮುಂದಿನ ಚರಿತ್ರೆ ಏನಾಯಿತು? ತಂಡದ ಎರಡನೆಯ ಹೊಸ ಹಾಡುಗಳ ಮುದ್ರಿಕೆಯು 1994ರಲ್ಲಿ ಬಂದಾಗ ಕೊಳ್ಳುವವರು ಬಹಳ ಕಡಿಮೆಯಾಗಿದ್ದರು. 1996ರಲ್ಲಿ ತಂಡವು ಒಡೆಯಿತು. ಕೆಲವು ವರ್ಷಗಳ ತರುವಾಯ ಮತ್ತೆ ಕೂಡಿ ಹಾಡತೊಡಗಿತು. ಜನರ ರುಚಿ ಬದಲಾಗುವುದು ಲೋಕಸ್ವಭಾವ, ಅದಕ್ಕೆ ವಿಷಾದವಿಲ್ಲ. ಆದರೆ ಹಾಡಿನ ವಸ್ತುವಾಗಿದ್ದ ಮನುಷ್ಯನ ಗತಿ? ಅಮೆರಿಕಾದ ವಸತಿ ಇಲಾಖೆಯ ಆಶ್ರಯದಲ್ಲಿ ಪ್ರತಿವರ್ಷ ಜನವರಿಯ ಒಂದು ರಾತ್ರಿ ಮನೆಯಿಲ್ಲದವರ ಎಣಿಕೆ ನಡೆಯುತ್ತದೆ. 2024ರ ಜನವರಿಯಲ್ಲಿ ಎಣಿಕೆಗೆ ಸಿಕ್ಕವರು 7,71,480 ಮಂದಿ. 2007ರಿಂದ ನಡೆದಿದ್ದ ಆ ಎಣಿಕೆಗಳಲ್ಲಿ ಅದುವರೆಗೆ ಕಂಡ ಅತ್ಯಧಿಕ ಸಂಖ್ಯೆ ಅದು. ಆ ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ 12ರಷ್ಟಿರುವ ಕಪ್ಪುಜನಾಂಗದವರು ಮನೆಯಿಲ್ಲದವರಲ್ಲಿ ನೂರಕ್ಕೆ 32ರಷ್ಟಿದ್ದರು. ಲೋಕದ ಮಹಾಸಂಪನ್ನ ದೇಶವೊಂದರಲ್ಲಿ, ಹಾಡಿಗೆ ಚಪ್ಪಾಳೆ ಬಿದ್ದು ಮೂವತ್ತೊಂದು ವರ್ಷಗಳಾದ ಮೇಲೆ, ವೆಂಡಲನಂಥವರ ಸಾಲು ಬೆಳೆದಿದೆ.

ಇದರಿಂದ ಹಾಡು ವ್ಯರ್ಥವಾಯಿತೆಂದು ತೀರ್ಮಾನಿಸುವುದು ದುಡುಕು. ಅಷ್ಟೊಂದು ದೊಡ್ಡ ವಿಪತ್ತಿಗೆ ಬಾಡಿಗೆ, ಕೂಲಿ, ರೋಗ, ಸರಕಾರದ ಧೋರಣೆ ಮುಂತಾದ ಕಾರಣಗಳು ಹಲವುಂಟು. ಒಂದು ಹಾಡು ಅದನ್ನು ಕಳೆಯಲಾರದು. ಆ ರಾತ್ರಿಯ ಸಭಿಕರನ್ನು ಖಂಡಿಸುವುದೂ ಅನ್ಯಾಯ. ಮುದ್ರಿಕೆಯಲ್ಲಿ ಅವರ ಚಪ್ಪಾಳೆ ಉಳಿದಿದೆ. ಆಮೇಲೆ ಅವರು ಬೀದಿಗಿಳಿದು ಏನು ಮಾಡಿದರೆಂಬುದು ಉಳಿದಿಲ್ಲ. ಅವರಲ್ಲಿ ಒಬ್ಬನು ಮರುದಿನದಿಂದ ತನ್ನ ಓಣಿಯ ಮೂಲೆಯಲ್ಲಿ ಮಲಗುವವನ ಹೆಸರು ಕೇಳಿ ತಿಳಿದುಕೊಂಡಿದ್ದರೂ ಇರಬಹುದು. ಅದನ್ನು ಯಾವ ಯಂತ್ರವೂ ಮುದ್ರಿಸಿಕೊಳ್ಳಲಾರದು. ಶ್ರವಣದ ಋಣವನ್ನು ತೀರಿಸಿದ ಲೆಕ್ಕ ಪರರಿಗೆ ಕಾಣುವಂಥದಲ್ಲ. ಅಂತರಂಗಕ್ಕೆ ಮಾತ್ರ ಗೋಚರವಾಗುವಂಥದು. ಆದಕಾರಣ ಅವರನ್ನು ಕುರಿತ ಪ್ರಶ್ನೆ ಅಲ್ಲಿಗೆ ನಿಂತು, ನಮ್ಮ ಕಡೆಗೆ ತಿರುಗುತ್ತದೆ.

ನಮ್ಮಲ್ಲಿ ವಚನಶ್ರವಣಕ್ಕೆ ಕೊರತೆಯಿಲ್ಲ. ಬಸವಜಯಂತಿಯಂದು ಊರೂರಿನಲ್ಲಿ ಧ್ವನಿವರ್ಧಕಗಳು ಬೆಳಗಿನಿಂದ ವಚನಗಳನ್ನು ಬಿತ್ತರಿಸುತ್ತವೆ. ಜಾತ್ರೆಗಳಲ್ಲಿ, ಶಿವಾನುಭವಗೋಷ್ಠಿಗಳಲ್ಲಿ, ಮದುವೆಯ ಮಂಟಪಗಳಲ್ಲಿ ಕೂಡ ವಚನಗಾಯನವಿರುತ್ತದೆ. ಜಾತಿಭೇದವನ್ನು ಖಂಡಿಸುವ ವಚನಕ್ಕೆ ಮುಂದಿನ ಸಾಲಿನಲ್ಲಿ ಕುಳಿತ ಗಣ್ಯರು ತಲೆದೂಗುತ್ತಾರೆ. ಕಾಯಕದ ಹಿರಿಮೆಯನ್ನು ಸಾರುವ ವಚನಕ್ಕೆ ಸಭೆಯೆಲ್ಲ ಚಪ್ಪಾಳೆ ತಟ್ಟುತ್ತದೆ. ಸಭೆ ಮುಗಿಯುತ್ತದೆ. ಜಮಖಾನೆಗಳನ್ನು ಸುತ್ತಿ, ಕುರ್ಚಿಗಳನ್ನು ಹೊತ್ತು, ಚೆಲ್ಲಿದ ಎಲೆಗಳನ್ನು ಎತ್ತಲು ಕೆಲವರು ಬರುತ್ತಾರೆ. ಅವರನ್ನು ನಾವು ಏನೆಂದು ಕರೆಯುತ್ತೇವೆ? ಅವರಲ್ಲಿ ತಂದೆಯ ವಯಸ್ಸಿನವರಿದ್ದರೂ ಏಕವಚನವೇ ಬಾಯಿಗೆ ಬರುವುದಿಲ್ಲವೆ? ಅವರು ಉಂಡರೆ ಎಂದು ಕೇಳುವವರೆಷ್ಟು ಮಂದಿ? ‘ಅಯ್ಯಾ’ ಎಂಬ ಸಂಬೋಧನೆಯ ಹಿರಿಮೆಯನ್ನು ವೇದಿಕೆಯಿಂದ ಕೇಳಿ ಒಂದು ಗಳಿಗೆಯೂ ಆಗಿರುವುದಿಲ್ಲ. ದೂರದೇಶದ ತರುಣರು ಬೀದಿಯ ಮನುಷ್ಯನಿಗೆ ಸಲ್ಲಿಸಿದ ಗೌರವವಾಚಕವನ್ನು, ಅದನ್ನೇ ಧರ್ಮವೆಂದು ಎಂಟುನೂರು ವರ್ಷಗಳಿಂದ ಕೇಳುತ್ತ ಬಂದವರು ತಮ್ಮ ಅಂಗಳದಲ್ಲಿಯೇ ಸಲ್ಲಿಸದೆ ಹೋದರೆ, ನಮ್ಮ ಕಿವಿಯ ಪ್ರಸಾದಲಿಂಗವು ಅನರ್ಪಿತದಲ್ಲಿಯೇ ಉಳಿದಂತಾಯಿತಲ್ಲವೆ?

ಮಠಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಅನ್ನ, ವಿದ್ಯೆ, ವಸತಿಗಳನ್ನು ಬಡಮಕ್ಕಳಿಗೆ ನೀಡಿದ ನಮ್ಮ ಮಠಗಳ ಉಪಕಾರವು ಲೋಕವಿದಿತವಾದುದು. ಅದು ಶ್ರವಣವು ಕೈಗಿಳಿದುದಕ್ಕೆ ಪ್ರತ್ಯಕ್ಷ ಸಾಕ್ಷಿ. ಆದರೆ ಹಿಂದೆ ಸಂದ ದಾಸೋಹವು ಇಂದಿನ ಋಣವನ್ನು ತೀರಿಸದು. ಕಷ್ಟದಲ್ಲಿ ಬಂದವನಿಗೆ ವಿಭೂತಿಯನ್ನೂ ಸಮಾಧಾನದ ಮಾತನ್ನೂ ಕೊಟ್ಟು ಕಳುಹಿಸುವುದು ಸುಲಭ. ಅವನ ಕಷ್ಟಕ್ಕೆ ಕಾರಣನಾದವನು ಅದೇ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದರೆ, ಅವನಿಗೆ ಎರಡು ಮಾತು ಹೇಳುವುದು ಕಠಿನ. ಆ ಕಪ್ಪುತರುಣನು ತನ್ನ ಇಗರ್ಜಿಯನ್ನು ಕೇಳಿದುದು ಈ ಎರಡನೆಯದನ್ನೇ. ಅವನ ಪ್ರಶ್ನೆಯನ್ನು ಕೇಳಿ ನಮ್ಮ ತರುಣರು ಅದನ್ನೇ ನಮ್ಮನ್ನು ಕೇಳಿದರೆ ಕೋಪಿಸಿಕೊಳ್ಳುವುದು ಧರ್ಮವಲ್ಲ. ಉತ್ತರ ಹೇಳುವುದು ಧರ್ಮ.

ಇನ್ನೊಂದು ಆಕ್ಷೇಪವು ಉಳಿದಿದೆ. ಅದು ಪ್ರಾಮಾಣಿಕವಾದ ಆಕ್ಷೇಪ. “ಇಂದು ಕಿವಿಗೆ ಬೀಳುವ ದುಃಖಕ್ಕೆ ಮಿತಿಯೇ ಇಲ್ಲ. ಅಂಗೈಯ ಯಂತ್ರವೊಂದು ದಿನಕ್ಕೆ ನೂರು ದೇಶಗಳ ಸಂಕಟವನ್ನು ತಂದು ಸುರಿಯುತ್ತದೆ. ಕೇಳಿದುದಕ್ಕೆಲ್ಲ ಋಣಿಯಾಗುವುದಾದರೆ ಮನುಷ್ಯನು ಬದುಕುವುದು ಹೇಗೆ? ಆದುದರಿಂದ ಕೇಳಿ ಮರೆಯುವುದೇ ಗತಿ.” ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಶಕ್ತಿಗೆ ಮೀರಿದ ಹೊಣೆಯನ್ನು ಹೊರಿಸುವ ನೀತಿಯು ಕಡೆಗೆ ಯಾವ ಹೊಣೆಯನ್ನೂ ಉಳಿಸುವುದಿಲ್ಲ.

ಇದಕ್ಕೆ ಉತ್ತರವು ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿದೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹರ್ಷಿಸಲಿಲ್ಲ. ಅಂದಿನ ಅಗತ್ಯಕ್ಕೆ ಮೀರಿದುದು ಆಸೆಯೆಂದು ಕಂಡು, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಈ ಪ್ರಸಂಗವನ್ನು ನಾವು ಧನಕ್ಕೆ ಮಾತ್ರ ಅನ್ವಯಿಸಿ ಬಿಟ್ಟಿದ್ದೇವೆ. ಶ್ರವಣಕ್ಕೂ ಅದು ಸಲ್ಲುತ್ತದೆ. ಅರ್ಪಿಸಲಾರದಷ್ಟು ಶಬ್ದವನ್ನು ಮನೆಗೆ ತರುವುದೂ ಒಂದು ಆಸೆಯೇ. ದುಃಖದ ಸುದ್ದಿಗಳನ್ನು ರಾಶಿ ಹಾಕಿಕೊಂಡು ಒಂದಕ್ಕೂ ಕೈ ಚಾಚದವನು, ಅಕ್ಕಿಯ ಮೂಟೆಗಳ ನಡುವೆ ಕುಳಿತು ಯಾರಿಗೂ ಅಡಿಗೆ ಮಾಡಿ ಬಡಿಸದವನಿಗೆ ಸಮಾನ. ಎಲೆಯ ಮುಂದೆ ಕುಳಿತವನಿಗೆ ಹಿರಿಯರು ಹೇಳುವುದೇನು? ಉಣ್ಣುವಷ್ಟನ್ನೇ ಬಡಿಸಿಕೊ, ಬಡಿಸಿಕೊಂಡುದನ್ನು ಬಿಡಬೇಡ. ಕಿವಿಗೂ ಇದೇ ಕಟ್ಟಳೆ. ನೂರು ವಚನಗಳನ್ನು ಹಿನ್ನೆಲೆಯ ಸದ್ದಾಗಿ ಕೇಳುವುದಕ್ಕಿಂತ ಒಂದನ್ನು ಕೇಳಿ, ಅದು ಬೇಡಿದುದನ್ನು ಸಲ್ಲಿಸುವವರೆಗೆ ಇನ್ನೊಂದಕ್ಕೆ ಹೋಗದಿರುವುದು ಲೇಸು. ದೂರದ ದುಃಖವನ್ನು ಕೇಳಿದಾಗ ಅದರ ಪ್ರತಿರೂಪವು ನಮ್ಮ ಕೈಗೆಟಕುವ ಅಂತರದಲ್ಲಿ ಎಲ್ಲಿದೆಯೆಂದು ನೋಡಿಕೊಂಡರೆ, ಋಣ ತೀರಿಸುವ ದಾರಿಯು ಅಲ್ಲಿಯೇ ತೆರೆಯುತ್ತದೆ. ಅಟ್ಲಾಂಟಾದ ಹಾಡಿಗೆ ಋಣಿಯಾದವನು ಅಟ್ಲಾಂಟಾಕ್ಕೆ ಹೋಗಬೇಕಾಗಿಲ್ಲ. ತನ್ನೂರಿನ ಬಸ್ ನಿಲ್ದಾಣದ ಕಟ್ಟೆಯವರೆಗೆ ಹೋದರೆ ಸಾಕು.

ನನ್ನ ಶಿಷ್ಯನ ಪ್ರಶ್ನೆಗೆ ಇದರಿಂದ ಉತ್ತರ ಹೇಳಿದಂತಾಯಿತು. ಆ ಹಾಡು ವಚನವೆ ಎಂಬುದು ಹಾಡಿನ ರೂಪದಿಂದಲೇ ನಿರ್ಣಯವಾಗುವುದಿಲ್ಲ. ಕೇಳಿದವನು ಅದನ್ನು ಏನು ಮಾಡಿದನೆಂಬುದರಿಂದಲೂ ನಿರ್ಣಯವಾಗುತ್ತದೆ. ಅನ್ಯದೇಶದ ಹಾಡಾದರೂ ಅರ್ಪಿತವಾದರೆ ಪ್ರಸಾದವೇ. ಬಸವಾದಿ ಪ್ರಮಥರ ವಚನವಾದರೂ ಬರಿಯ ಇಂಪಿಗಾಗಿ ಕೇಳಿ ಬಿಟ್ಟರೆ ಕೇಳಿದವನ ಪಾಲಿಗೆ ಅದು ಪದಾರ್ಥವಾಗಿಯೇ ಉಳಿಯಿತು. ನುಡಿಯುವವರು ತಮ್ಮ ಪಾಲನ್ನು ಸಲ್ಲಿಸಿ ಹೋಗಿದ್ದಾರೆ. ಕೇಳುವವರ ಪಾಲು ಬಾಕಿಯಿದೆ. ಮುಂದಿನ ಶಿವಾನುಭವಗೋಷ್ಠಿಯಲ್ಲಿ ಕೈಗಳು ಚಪ್ಪಾಳೆಗೆ ಏಳುವಾಗ, ಈ ಕೈಗಳಿಂದ ನಾಳೆ ಸಲ್ಲಬೇಕಾದುದು ಏನು, ಯಾರಿಗೆ ಎಂದು ಪ್ರತಿಯೊಬ್ಬನೂ ಒಂದು ಕ್ಷಣ ತನ್ನನ್ನು ಕೇಳಿಕೊಳ್ಳಲಿ. ಉತ್ತರ ಹೊಳೆದರೆ ಚಪ್ಪಾಳೆ ತಟ್ಟಲಿ. ಹೊಳೆಯದಿದ್ದರೆ ಕೈಮುಗಿದು ಸುಮ್ಮನೆ ಕುಳಿತು ಇನ್ನೊಮ್ಮೆ ಕೇಳಲಿ.